ಮಾಲೀಕನಿಲ್ಲದ ಜಾಗ

ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಚೋರನೂರಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಬಿಳಿ ಸಫಾರಿಯವನೊಬ್ಬ ಕಾಲೇಜು ಹುಡುಗಿಯ ಮೇಲೆ ಹರಿಹಾಯುತ್ತಿದ್ದ.

“ನಮ್ಮಕ್ಕನ ಮಗಳಾಗಿ ನನ್ನ ಅದಿರಿನ ಲಾರಿ ನಂಬರ್ ಹಾಕಿ ಧೂಳಿನ ಬಗ್ಗೆ ಬರೀತಿಯೇನು, ಸ್ಫೂರ್ತಿ? ಇವತ್ತ ಇಂಟರ್‌ನೆಟ್‌ನಿಂದ ತೆಗಿ!”

“ಮೊದಲು ಒಂದು ವೆಬ್‌ಸೈಟಿನ ಫೋರಂನಾಗ ಬರದಿದ್ದೆ, ಮಾಮ. ಅದಕ್ಕ ಮಾಲೀಕ ಇದ್ದ. ನೀವು ಫೋನ್ ಮಾಡಿದ್ರಿ, ಅವ ಅಳಿಸಿಬಿಟ್ಟ.”

“ಇದರ ಮಾಲೀಕನ ನಂಬರೂ ಕೊಡು.”

“ಇದು ಯೂಸ್‌ನೆಟ್, ಹಳೇ ಕಾಲದ ಚರ್ಚಾ ಜಾಲ. ಇದಕ್ಕ ಮಾಲೀಕನ ಇಲ್ಲ. ಒಂದು ಸರ್ವರ್ ಇನ್ನೊಂದಕ್ಕ ಕಾಪಿ ಕೊಡತೈತಿ, ಅದು ಮತ್ತೊಂದಕ್ಕ. ಈಗ ಎಲ್ಲಾ ಕಡೆ ಒಂದೊಂದು ಕಾಪಿ ಐತಿ.”

“ಹಂಗಾರ ನೀನ ಅಳಿಸು!”

“ಅಳಿಸ್ರಿ ಅಂತ ಸರ್ವರ್ ನಡಸೋರಿಗೆ ಹೇಳಬಹುದು. ಕೇಳೋರು ಕೇಳ್ತಾರ, ಬಿಡೋರು ಬಿಡ್ತಾರ.”

“ಮನಿ ಮರ್ಯಾದಿ ತೆಗದಿ! ಒಬ್ಬೊಬ್ಬರಿಗೂ ಹೇಳಿ ನಾನ ತೆಗಸ್ತೀನಿ.”

ಬಸ್ಸು ಬಂತು. ಹುಡುಗಿ ಚೀಲ ಹೆಗಲಿಗೇರಿಸಿ ಮೆಟ್ಟಿಲು ಹತ್ತಿ ತಿರುಗಿದಳು.

“ತೆಗಸ್ರಿ ಮಾಮ. ಮೊದಲು ನಮ್ಮ ಮಾಳಿಗಿ ಮ್ಯಾಲಿನ ನಿಮ್ಮ ಲಾರಿ ಧೂಳು ತೆಗಸ್ರಿ. ಅದರದೂ ಊರಾಗ ಮನಿಮನಿಗೂ ಒಂದೊಂದು ಕಾಪಿ ಐತಿ.”