ಎತ್ತಿನ ಎರಡು ಹೆಜ್ಜೆ

ಬ್ಯಾಡಗಿಯ ಆ ಗೋದಾಮಿನೊಳಗೆ ಅವತ್ತು ಸಂಜೆಗೇ ಕತ್ತಲಾಗಿತ್ತು. ತೊಂಬತ್ತಾರನೆಯ ಇಸವಿಯ ಅಡ್ಡಮಳೆ, ಮೇಲಿನ ತಗಡಿನ ಮೇಲೆ ಹರಳು ಸುರಿದಂತೆ ಬೀಳುತ್ತಿತ್ತು. ಕರೆಂಟು ಹೋಗಿತ್ತು. ಮೆಣಸಿನಕಾಯಿಯ ತೊಟ್ಟು ಬಿಡಿಸಲು ಬಂದಿದ್ದ ಹೆಂಗಸರು ಮನೆಗೆ ಹೋಗಲಾರದೆ, ಕೆಂಪು ರಾಶಿಯ ಸುತ್ತ ಒಂದು ಕಂದೀಲು ಇಟ್ಟುಕೊಂಡು ಕೂತಿದ್ದರು. ಹೊರಗೆ ಗೇಟಿನ ಕಾವಲುಗಾರ ಯಾರಿಗೋ ಸೀಟಿ ಊದಿದ. ಐರಣಿಯಿಂದ ಮಗಳ ಮನೆಗೆ ಬಂದು ಈ ಕೆಲಸಕ್ಕೆ ಸೇರಿದ್ದ ಮುದುಕಿ ಶೇಖವ್ವ ಥಟ್ಟನೆ ಬೆನ್ನು ನೆಟ್ಟಗೆ ಮಾಡಿ ಕೂತಳು.

"ಯಾಕ ಆಯಿ, ದೆವ್ವ ಕಂಡಾಂಗ ಮಾಡ್ದಿ?" ಎಂದಳು ಪಕ್ಕದ ಗುತ್ತೆವ್ವ.

"ಕಂಡಿಲ್ಲವಾ. ಕೇಳೇನಿ. ನೀವೂ ಕೇಳ್ತೀರೇನು? ಹಂಗಾರ ಬಾಯಿ ಮುಚ್ಚರಿ, ಕೈ ನಿಲ್ಲಸಬ್ಯಾಡ್ರಿ."

ಹೆಂಗಸರು ಹತ್ತಿರ ಸರಿದರು. ಶೇಖವ್ವ ಬಾಯೊಳಗಿನ ಎಲೆಯಡಿಕೆಯನ್ನು ದವಡೆಗೆ ತಳ್ಳಿ ಶುರುಮಾಡಿದಳು.

"ಒಬ್ಬ ಹುಡುಗನ್ನ ಸಿಪಾಯಿ ಮಾಡಾಕ ಏನೇನ ಬೀಳ್ತೈತಿ ಗೊತ್ತೈತೇನು? ಒಂದು ಜೋಡಿ ಕ್ಯಾನ್ವಾಸ್ ಬೂಟು, ದಿನಾ ಒಂದು ತಂಬಿಗಿ ಎಮ್ಮಿ ಹಾಲು, ಬೊಗಸಿ ತುಂಬ ಶೇಂಗಾ, ಅದಕ್ಕೊಂದು ಉಂಡಿ ಬೆಲ್ಲ... ಮ್ಯಾಲ ಅವ್ವನ ನಿದ್ದಿ. ಇಷ್ಟೆಲ್ಲಾ ಹಾಕಿದ್ರೂ ಕಲಸಾಂವ ಬೇಕಲ್ಲ? ಕಲಸಾಂವ ನಮ್ಮೂರಾಗ ಇದ್ದ, ನಿಜಲಿಂಗಪ್ಪ ಅಂತ. ಮಿಲಿಟ್ರ್ಯಾಗ ಹೊಸ ಹುಡುಗರಿಗೆ ಕವಾಯತು ಕಲಸೋ ಉಸ್ತಾದ ಆಗಿದ್ದ. ಪಿಂಚಣಿ ಆಗಿ ಊರಿಗೆ ಬಂದ್ರೂ ಮೀಸಿ, ಸೀಟಿ, ಬೈಗಳ, ಮೂರೂ ಬಿಡಲಿಲ್ಲ. ಮಿಲಿಟ್ರಿ ಭರ್ತಿಗೆ ಹೋಗೋ ಹುಡುಗರನ್ನ ನಸುಕಿನ್ಯಾಗ ಎಬಿಸಿ, ಹೊಳಿ ದಂಡಿ ಉಸುಕಿನ್ಯಾಗ ಓಡಸ್ತಿದ್ದ. ಅಬಾಬಾಬಾ, ಏನ ಬೈತಿದ್ದ! 'ಲೇ, ರೊಟ್ಟಿ ಬಡದಾಂಗ ಹೆಜ್ಜಿ ಹಾಕ್ತೀಯಲೋ, ನಿಮ್ಮವ್ವನ್ನ ಕಳಿಸು, ನಿನಗಿಂತ ಚಲೋ ಮಾಡ್ತಾಳ!' ನಾ ಅಲ್ಲೇ ಅರಬಿ ಒಗೀತಿದ್ದೆ, ನಗು ತಡಿಯಾಕ ಆಗ್ತಿರಲಿಲ್ಲ. ಮಾತು ಗುಂಟೂರ ಕಾಯಿ, ಮನಸು ನಮ್ಮ ಬ್ಯಾಡಗಿ ಕಾಯಿ... ಕೆಂಪು ಭಾರಿ, ಖಾರ ಇಲ್ಲ. ಬೈದ ಹುಡುಗನ ಕಾಲನ್ನ ತನ್ನ ತೊಡಿ ಮ್ಯಾಲ ಇಟಗೊಂಡು ಮುಳ್ಳು ತೆಗಿಯಾಂವ. ಒಬ್ಬ ತಪ್ಪಿದ್ರ ಎಲ್ಲಾರೂ ಕಪ್ಪಿ ಹಂಗ ಜಿಗೀಬೇಕು, ಅದು ಅವನ ಕಾನೂನು. ಆದ್ರ ಖರೇ ಹೇಳ್ತೇನಿ, ಎಲ್ಲಾರಕಿಂತ ಮುಂದ, ಆ ವಯಸ್ಸಿನ್ಯಾಗ, ತಾನ ಜಿಗೀತಿದ್ದ!

"ತಪ್ಪಾಂವ ಯಾರು? ದಿನಾ ನನ್ನ ಮಗ ಮೈಲಾರೆಪ್ಪನ. ಉಸ್ತಾದ 'ಥಮ್!' ಅಂದ್ರ ಓಡೋ ಕಾಲು ಎಲ್ಲೈತಿ ಅಲ್ಲೇ ನಿಲ್ಲಬೇಕು. ಎಲ್ಲಾರೂ ನಿಲ್ತಿದ್ರು. ನನ್ನ ಮಗ ಮತ್ತೆರಡ ಹೆಜ್ಜಿ ಹೋಗೇ ನಿಲ್ತಿದ್ದ. ಯಾಕ? ಸಣ್ಣಾಂವ ಇದ್ದಾಗಿಂದ ಹೊಲದಾಗ ಎತ್ತಿನ ಹಿಂದ ಕುಂಟಿ ಹೊಡದಾಂವ. ಎತ್ತಿಗೆ 'ಹೋ' ಅಂದ್ರ ಅಲ್ಲೇ ನಿಲ್ತಾವೇನ್ರೇ? ಎರಡ ಹೆಜ್ಜಿ ಹಾಕೇ ನಿಲ್ಲೋದು. ಹಿಂದಿನವನ ಕಾಲೂ ಅದನ್ನ ಕಲಿತಿರ್ತಾವ."

"ನನ್ನ ಗಂಡನೂ ಹಂಗ ಆಯಿ," ಎಂದಳು ಗುತ್ತೆವ್ವ. "ನಿಲ್ಲು ಅಂದ್ರ ಸೆರೆ ಅಂಗಡಿ ಮುಟ್ಟೇ ನಿಲ್ಲೋದು."

ನಗು ಅಡಗುವ ತನಕ ಶೇಖವ್ವ ಕಾದಳು.

"ಹುಡುಗರು ರೋಸಿ ಹೋದ್ರು. 'ಉಸ್ತಾದರ, ಇವನ್ನ ಬಿಟ್ಟಬಿಡ್ರಿ, ಇವನ ಸಲುವಾಗಿ ನಮ್ಮ ಮೊಣಕಾಲು ಹೋದವು' ಅಂದ್ರು. ಉಸ್ತಾದ ಮೀಸಿ ತಿರುವಿ, 'ಅಂವ ಹೋದ್ರ ನಾನೂ ಮನಿಗೆ ಹೋಗ್ತೇನಿ. ಈ ಮಗನ ಕಾಲಾಗಿಂದ ಎತ್ತಿನ ಎರಡು ಹೆಜ್ಜಿ ತೆಗೀದ ನಾ ಸಾಯಂಗಿಲ್ಲ' ಅಂದ... ಆ ಮಾತು ಆಡಬಾರದಿತ್ತು, ಹೌದಲ್ಲೋ? ಯಮ ಯಾರ ಕವಾಯತು ಕೇಳ್ತಾನ? ಮುಂಗಾರು ಹಿಡಿಯೋದ್ರಾಗ ಎದಿ ಹಿಡಕೊಂಡು ಹೋಗೇಬಿಟ್ಟ.

"ಹುಡುಗರು ಒಬ್ಬೊಬ್ಬರ ಬರೋದು ಬಿಟ್ರು. ಹಾವೇರ್ಯಾಗ ಭರ್ತಿ ಹತ್ತರ ಬಂದಿತ್ತು, ನನ್ನ ಮಗಗ ವಯಸ್ಸು ದಾಟಾಕ ಬಂದಿತ್ತು, ಅದು ತಪ್ಪಿದ್ರ ಇನ್ನ ಇಲ್ಲ. 'ಅವ್ವಾ, ನಾಳಿ ಒಂದಿನ ಓಡ್ತೇನಿ. ಆಮ್ಯಾಲ ಇದೆಲ್ಲಾ ಬಿಟ್ಟು ಕುಂಟಿ ಹಿಡೀತೇನಿ' ಅಂದ. ಹಗ್ಗ ಬಿಚ್ಚಿಟ್ಟಾಂಗ ಅಂದ.

"ಮರದಿನ ನಸುಕಿನ್ಯಾಗ ಜಿಟಿಜಿಟಿ ಮಳಿ, ಹೊಳಿ ತುಂಬಿ ಬಂದಿತ್ತು. ಹೋದ ಹುಡುಗ ಬೆಳಕು ಹರದ್ರೂ ಬರಲಿಲ್ಲ. ನಾ ಕಂಬಳಿ ಹೊದ್ದು ಹೋದೆ. ಮಬ್ಬಿನ್ಯಾಗ ನಿಂತಿದ್ದ... ಕೈ ಎರಡೂ ತೊಡಿಗೆ ಹತ್ತಿಸಿ, ಗದ್ದ ಎತ್ತಿ, ನೆಟ್ಟ ಕಂಬದಾಂಗ. ಅವನ ಮುಂದ ನೋಡಿದ್ನಿ. ದಿನಾ ಓಡೋ ದಂಡಿ ಇತ್ತಲ್ಲ, ಅದು ಇರಲಿಲ್ಲ. ರಾತ್ರಿ ಹೊಳಿ ಕೊರಕೊಂಡು ಹೋಗಿತ್ತು. ಮತ್ತೆರಡ ಹೆಜ್ಜಿ ಹಾಕಿದ್ರ... ಅಷ್ಟ.

"'ಬಾರೋ' ಅಂತ ರಟ್ಟಿ ಹಿಡದು ಜಗ್ಗಿದೆ. ಅಲುಗಲಿಲ್ಲ. ತುಟಿ ಅಷ್ಟ ಅಲುಗಿದ್ವು. 'ಅವ್ವಾ, ಉಸ್ತಾದರು ಥಮ್ ಅಂದಾರ. ಲೈನ್ ತೋಡ್ ಅನ್ನೋತನಕ ಬರಂಗಿಲ್ಲ.' ಲೈನ್ ತೋಡ್ ಅಂದ್ರ, ಸಾಕು ಇನ್ನ ಹೋಗ್ರಿ ಅನ್ನೋ ಅಪ್ಪಣಿ. ಮಣ್ಣಾಗಿ ತಿಂಗಳಾದಾಂವ ಎಲ್ಲಿಂದ ಅಪ್ಪಣಿ ಕೊಡಬೇಕ್ರೇ? ನನಗ ಅಂಜಿಕಿ ಬರಬೇಕಿತ್ತು... ಸಿಟ್ಟು ಬಂತು. ಹೊಳಿ ಕಡೆ ಮುಖ ಮಾಡಿ ಒದರಿದೆ. 'ಉಸ್ತಾದಣ್ಣಾ! ಕಲಿಸಿದ್ದು ಸಾಕು! ಹುಡುಗ ತೊಯ್ದು ತಪ್ಪಡಿ ಆಗ್ಯಾನ. ಜ್ವರ ಬಂದ್ರ ಭರ್ತಿಗೆ ನೀ ಹೋಗಾಂವೇನು? ಬಿಡು ಅವನ್ನ!'

"ಏನೂ ಇಲ್ಲ. ನೀರಿನ ಸಪ್ಪಳ ಅಷ್ಟ... ಆಮ್ಯಾಲ, ನೆಲ ಇಲ್ಲದ ಕಡಿಯಿಂದ, ಆ ನೀರಿನ ಮ್ಯಾಲಿಂದ... 'ಲೈನ್ ತೋಡ್!'

"ನನ್ನ ಮಗ ಗೋಣಿಚೀಲ ಬಿದ್ದಾಂಗ ಕುಸದ. ನಾ ಅವನ್ನ ತೆಕ್ಕಿಗೆ ಹಿಡಕೊಂಡೆ. ಆಗ ಮತ್ತ ಅದ ದನಿ, ಈ ಸಲ ಸಣ್ಣಾಗಿ, ಹುಷಾರಿಲ್ಲದವರ ಮುಂದ ಮಾತಾಡಿದಾಂಗ... 'ತಲಿ ಒರಸವಾ ಅವಂದು.'"

ಯಾರ ಕೈಯೂ ಆಡುತ್ತಿರಲಿಲ್ಲ. ಶೇಖವ್ವ ಒಂದು ಕಾಯಿ ಎತ್ತಿಕೊಂಡು ತೊಟ್ಟು ಮುರಿದಳು.

"ಭರ್ತಿ ಆತು. ಅಲ್ಲಿಯ ಉಸ್ತಾದರೂ 'ಇವನ್ನ ಯಾರೋ ತಿದ್ದ್ಯಾರ' ಅಂದ್ರಂತ. ಈಗ ಸೂಟಿ ಹಾಕಿ ಊರಿಗೆ ಬಂದಾಗ ಕುಂಟಿ ಹಿಡದ್ರ, 'ಹೋ' ಅಂದು ತಾ ಅಲ್ಲೇ ನಿಂತಬಿಡ್ತಾನ. ಎತ್ತು ಮುಂದ ಹೋಗ್ತಾವ, ಕುಂಟಿ ಕೈಬಿಟ್ಟು ಹೋಗ್ತೈತಿ. ಊರ ಮಂದಿ ನಗ್ತಾರ."

"ಅಂವ... ಆ ಉಸ್ತಾದ, ಈಗೂ ಅದಾನೇನು ಆಯಿ?" ಗುತ್ತೆವ್ವನ ದನಿಯಲ್ಲಿ ಈಗ ಚೇಷ್ಟೆ ಇರಲಿಲ್ಲ.

"ಹ್ವಾದ ಅಮಾಸಿಗೆ ಊರಿಗೆ ಹೋಗಿದ್ದೆ. ನಸುಕಿನ್ಯಾಗ ಚಕ್ಕಡಿ ಹೊಳಿಗೆ ಇಳೀತಿದ್ವು. ಯಾರೂ ಏನೂ ಅನ್ನಲಿಲ್ಲವಾ... ಎತ್ತು ಅಲ್ಲೇ ನಿಂತವು. ಎತ್ತಿದ ಕಾಲು ಎತ್ತಿದಾಂಗ. ಹೊಡಿಯಾವ್ರು ಬಾರಕೋಲು ಬಗಲಾಗ ಇಟಗೊಂಡು ಬೀಡಿ ಹಚ್ಚಿದ್ರು. ಅವರಿಗೆಲ್ಲಾ ರೂಢಿ ಆಗೈತಿ, ಅಪ್ಪಣಿ ಆದ ಮ್ಯಾಲ ಹೋಗ್ತಾರ.

"ನನಗ ಮಗ ಉಳದ. ಹೊಲದ ಆಳು ಹೋದ. ಉಸ್ತಾದಣ್ಣಂದು ಜೀವ ಹೋತು... ನೌಕರಿ ಹೋಗಿಲ್ಲ."