ಗುಡ್ಡದ ಹುಲ್ಲಿಗೆ ಹಳೇ ಟ್ರ್ಯಾಕ್ಟರ್

ಎಂಬತ್ತೇಳರ ದೀಪಾವಳಿ ಆಗಷ್ಟೇ ಮುಗಿದಿತ್ತು. ಚಿಕ್ಕೋಡಿ ಬಸ್ ನಿಲ್ದಾಣದಲ್ಲಿ ಉಗಾರದ ಬಸ್ಸಿಗೆ ಕಾದು ಕಾದು ಸಕ್ಕುಬಾಯಿಗೆ ಸಾಕಾಗಿತ್ತು. ಅವಳ ಪಕ್ಕದಲ್ಲಿ ಗಂಡ ಹೆಂಡತಿ ಇಬ್ಬರು ಕೂತಿದ್ದರು. ಗಂಡನಂತೂ ಎದ್ದು ರಸ್ತೆ ನೋಡುವುದು, ಮತ್ತೆ ಬಂದು ಕೂರುವುದು, ಇದನ್ನೇ ನಡೆಸಿದ್ದ.

“ಇವತ್ತ ಉಗಾರಕ್ಕ ಹೋಗಲಿಲ್ಲಂದ್ರ ಆ ಹುಲ್ಲ ಕೊಯ್ಯೂ ಟ್ರ್ಯಾಕ್ಟರ್ ಬ್ಯಾರೇದಾಂವ ಕೊಂಡ ಹೊಡಕೊಂಡ ಹೋಗ್ತಾನ, ಜಿನಮತಿ.”

“ಅದರ ಬ್ರೇಕ್ ಸರಿ ಹಿಡಿಯೂದಿಲ್ಲ ಅಂದಿದ್ರಿ.”

“ಒಂದೀಟ ತಡದ ಹಿಡೀತೈತಿ. ಹಳೇ ಗಾಡಿ, ಅಷ್ಟ ಇರೂದ.”

“ನಮ್ಮ ಹುಲ್ಲ ಇರೂದು ಗುಡ್ಡದ ಇಳಿಜಾರಿನ್ಯಾಗ.”

“ನಡಸಾಂವ ನಾ. ನನಗ ಅಂಜಿಕಿಲ್ಲ. ಕುಡಗೋಲ ಹಿಡಿಯಾವ್ರ ಎಲ್ಲಾರೂ ಕಬ್ಬ ಕಡಿಯಾಕ ಹೋಗ್ಯಾರ. ಹುಲ್ಲ ಕೊಯ್ಯಾವ್ರ ಯಾರು?”

“ಕುಡಗೋಲ ಹಿಡದಾವ್ರಿಗೆ ಹುಲ್ಲಿನ ಬುಡದಾಗಿನ ಬುರ್ಲಿ ಹಕ್ಕಿ ಗೂಡ ಕಾಣತೈತಿ. ಅಷ್ಟ ಹುಲ್ಲ ಬಿಟ್ಟ ಮುಂದ ಹೋಗ್ತೀವಿ. ಮ್ಯಾಲ ಕುಂತ ನಿಮಗೇನ ಕಾಣತೈತ್ರಿ?”

“ಹಂಗಂತ ಹುಲ್ಲ ಒಣಗಾಕ ಬಿಡೂದೇನು?”

“ಯಾಕ ಬಿಡೂದು? ನಾ ಕೋಲಿಲೆ ಹುಲ್ಲ ಬಡಕೋತ ಗಾಡಿ ಮುಂದ ನಡೀತೀನಿ. ಗೂಡ ಕಂಡಲ್ಲೆ ಕೈ ಮಾಡ್ತೀನಿ, ನೀವು ಗಾಡಿ ನಿಂದರಸ್ರಿ.”

“ಇಳಿಜಾರಿನ್ಯಾಗ, ಗಾಡಿ ಮುಂದ?”

“ಹೌದ್ರಿ. ಹಿಂದ ನಡದ್ರ ಏನ ಉಪಯೋಗ?”

ಗಂಡ ಮತ್ತೆ ಎದ್ದ. ಈ ಸಲ ರಸ್ತೆ ನೋಡಲಿಲ್ಲ, ಹೆಂಡತಿಯನ್ನು ನೋಡುತ್ತ ನಿಂತ.

ಅಷ್ಟರಲ್ಲಿ ಬಸ್ಸು ಬಂತು. ಸಕ್ಕುಬಾಯಿ ನುಗ್ಗಿ ಹತ್ತಿ, ಆ ಇಬ್ಬರಿಗೂ ಸೇರಿಸಿ ಸೀಟು ಹಿಡಿಯಲು ತನ್ನ ಚೀಲ ಇಟ್ಟಳು. ಅವರು ಹತ್ತಲಿಲ್ಲ.

“ನಡಿ,” ಗಂಡ ಹೆಂಡತಿಗೆ ಅನ್ನುವುದು ಕಿಟಕಿಯಿಂದ ಕೇಳಿಸಿತು, “ಮೊದಲ ಬ್ರೇಕ್ ನೋಡೂ ಮಿಸ್ತ್ರಿನ್ನ ಕರಕೊಳ್ಳೂಣು.”