ಸೊಸೆಯ ಮುಡಿ, ಮಾವನ ಹರಕೆ

ಈಗೊಬ್ಬ ಶ್ರೀಮಂತನ ಕಥೆ ಹೇಳುತ್ತೇನೆ. ಯಾವ ಊರು ಎಂದು ಕೇಳಬೇಡಿ; ನಿಮ್ಮ ಪಕ್ಕದ ಬೀದಿ ಅಂದುಕೊಳ್ಳಿ, ಸಾಕು. ಒಳ್ಳೆಯ ಮನುಷ್ಯ. ಇದನ್ನು ನೆನಪಿಟ್ಟುಕೊಳ್ಳಿ, ಒಳ್ಳೆಯ ಮನುಷ್ಯ! ಹೆಣ್ಣುಮಕ್ಕಳಿಲ್ಲದ ಅವನನ್ನು ಸೊಸೆ ಬಾಯ್ತುಂಬ ‘ಅಪ್ಪಾಜಿ’ ಎಂದು ಕರೆಯುತ್ತಿದ್ದಳು. ಆ ಒಂದು ಮಾತಿಗೆ ಅವನು ಕರಗಿ ನೀರಾಗುತ್ತಿದ್ದ.

ಮಗನಿಗೆ ಕಾಮಾಲೆ ಬಂತು. ಆಸ್ಪತ್ರೆಯಲ್ಲಿ ಇನ್ನೇನು ಜೀವ ಹೋಯಿತು ಅನ್ನುವ ಹೊತ್ತಿಗೆ ಶ್ರೀಮಂತ ಹರಕೆ ಹೊತ್ತ: “ಸ್ವಾಮಿ, ಮಗನನ್ನು ಉಳಿಸು. ಸೊಸೆಯ ಮುಡಿ ನಿನಗೆ.” ನೋಡಿ, ತನ್ನ ಮುಡಿಯಲ್ಲ, ಸೊಸೆಯದು! ಅವನ ತಲೆಯಲ್ಲಿ ಕೂದಲೇ ಇರಲಿಲ್ಲ, ಆ ಮಾತು ಬಿಡಿ.

ಮಗ ಉಳಿದ. ಹರಕೆಯ ವಿಷಯ ಕೇಳಿ ಸೊಸೆ ಬೆಚ್ಚಿದಳು.

“ಅಪ್ಪಾಜಿ, ಪೂರ್ತಿ ಬೋಳಿಸೋದು ಬೇಡ, ನನ್ನ ಕೈಲಾಗಲ್ಲ. ಹೆಂಗಸರು ಮೂರು ಕತ್ತರಿ ಕೊಡೋ ಪದ್ಧತಿ ಇದೆಯಲ್ಲ? ಜಡೆ ತುದೀಲಿ ಮೂರು ಸಲ ಕತ್ತರಿಸಲಿ. ಅಷ್ಟನ್ನ ಸಂತೋಷವಾಗಿ ಕೊಡ್ತೀನಿ.”

“ಆಯ್ತಮ್ಮ” ಎಂದ.

ದೇವಸ್ಥಾನದಲ್ಲಿ ಮುಡಿ ತೆಗೆಯುವ ಕಟ್ಟೆಯ ಮೇಲೆ ಅವಳು ಕಣ್ಣು ಮುಚ್ಚಿ, ಕೈ ಮುಗಿದು, ತಲೆ ಬಗ್ಗಿಸಿ ಕೂತಳು. ಶ್ರೀಮಂತನಿಗೆ ಒಂದೇ ಯೋಚನೆ. ಇಷ್ಟೇ ಕೂದಲು ಕೊಟ್ಟರೆ ದೇವರು ಮುನಿದಾನೇ? ಮಗನಿಗೆ ಮತ್ತೇನಾದರೂ ಆದರೆ? ಬಗ್ಗಿ ಕ್ಷೌರಿಕನ ಕಿವಿಯಲ್ಲಿ ಹೇಳಿದ: “ಪೂರ್ತಿ ತೆಗಿಯಪ್ಪ, ಒಪ್ಪಿದಾಳೆ.”

ತಲೆಗೆ ನೀರು ಬಿತ್ತು. ಇದೂ ಪದ್ಧತಿಯಿರಬೇಕು ಎಂದು ಅವಳು ಸುಮ್ಮನಿದ್ದಳು. ನಡುನೆತ್ತಿಯಿಂದ ಹಣೆಯವರೆಗೆ ಕ್ಷೌರದ ಕತ್ತಿ ಸರ್ರನೆ ಇಳಿಯಿತು. ಹಿಡಿ ಕೂದಲು ಮಡಿಲಿಗೆ ಬಿತ್ತು.

“ಅಯ್ಯೋ!”

ಅವಳು ಚೀರಿದ ರಭಸಕ್ಕೆ ಕ್ಷೌರಿಕನ ಕೈಯಿಂದ ಕತ್ತಿಯೇ ಜಾರಿತು. “ಒಪ್ಪಿದಾರೆ ಅಂದ್ರಲ್ಲ ಸ್ವಾಮಿ!” ಎಂದು ಅವನು ಶ್ರೀಮಂತನ ಕಡೆ ತಿರುಗಿದ. ಇನ್ನು ಮಾಡುವುದೇನು? ನಡುನೆತ್ತಿಯೇ ಬೋಳಾಗಿತ್ತು! ಉಳಿದದ್ದನ್ನೂ ತೆಗೆಸಬೇಕಾಯಿತು. ಅವಳು ಅಳಲಿಲ್ಲ. ಅಳದೇ ಇದ್ದದ್ದು ನೋಡಿಯೇ ಶ್ರೀಮಂತನಿಗೆ ಭಯವಾಯಿತು.

“ಕೋಪ ಮಾಡ್ಕೋಬೇಡ ತಾಯಿ. ನಿನ್ನ ಮಾಂಗಲ್ಯ ಗಟ್ಟಿಯಾಗಿರಲಿ ಅಂತ ಒಳ್ಳೇದಕ್ಕೇ ಮಾಡ್ಸಿದ್ದು.”

“ನಾನು ಬೇಡ ಅಂದಿದ್ದು ನಿಮಗೆ ಗೊತ್ತಿತ್ತೋ ಇಲ್ವೋ?”

“ಗೊತ್ತಿತ್ತು, ಆದ್ರೆ...”

“ಗೊತ್ತಿದ್ದೂ ಮಾಡಿಸಿದ್ರಿ. ತಗೊಳ್ಳಿ ಈ ಕೂದಲು. ‘ಇದು ನನ್ನ ಸೊಸೆ ಮನಸಾರೆ ಕೊಟ್ಟಿದ್ದು’ ಅಂತ ದೇವರ ಮುಂದೆ ನಿಂತು ಹೇಳಿ, ಹುಂಡಿಗೆ ಹಾಕಿ, ಮಾವನವರೇ.”

ಮಾವನವರೇ! ಶ್ರೀಮಂತನಿಗೆ ಕಪಾಳಕ್ಕೆ ಹೊಡೆದಂತಾಯಿತು. ಹುಂಡಿಯ ಮುಂದೆ ನಿಂತ. ಆ ಸುಳ್ಳು ಹೇಳಲು ಬಾಯಿ ಬರಲಿಲ್ಲ, ಕೂದಲು ಹಾಕಲು ಕೈ ಏಳಲಿಲ್ಲ. ಕದ್ದ ಮಾಲನ್ನು ದೇವರಿಗೆ ಹೇಗೆ ಕೊಟ್ಟಾನು? ಕೂದಲನ್ನು ಶಲ್ಯದಲ್ಲಿ ಕಟ್ಟಿಕೊಂಡು ಹಾಗೇ ಮನೆಗೆ ಬಂದ.

ಸೊಸೆ ಕೋರ್ಟಿಗೆ ಹೋದಳು. ಅಲ್ಲಿಯೂ ಅವನದು ಅದೇ ಮಾತು, ಒಳ್ಳೆಯ ಉದ್ದೇಶ, ಒಳ್ಳೆಯ ಉದ್ದೇಶ. ನ್ಯಾಯಾಧೀಶರು ಕೇಳಿದರು: “ದ್ವೇಷ ಇತ್ತಾ ಅಂತ ನಾನು ಕೇಳ್ತಿಲ್ಲ. ಕೈತಪ್ಪಿ ಆಯ್ತಾ, ಬೇಕಂತಲೇ ಮಾಡಿಸಿದ್ರಾ? ಆಕೆ ಒಪ್ಪಿದ್ದು ಎಷ್ಟಕ್ಕೆ?” “ಮೂರು ಕತ್ತರಿಗೆ” ಎಂದ ಶ್ರೀಮಂತ. ತಪ್ಪು ಅವನದೇ ಎಂದು ತೀರ್ಪಾಯಿತು. ಅವಳ ಕೂದಲೇನೋ ಮತ್ತೆ ಬೆಳೆಯಿತು. ‘ಅಪ್ಪಾಜಿ’ ಎಂಬ ಮಾತು ಮಾತ್ರ ಆ ಮನೆಯಲ್ಲಿ ಮತ್ತೆ ಕೇಳಲಿಲ್ಲ.

ಎಂಥಾ ಮಾವನಪ್ಪಾ ಎಂದು ಹಲ್ಲು ಕಡಿಯುತ್ತಿದ್ದೀರಿ, ಅಲ್ಲವೇ? ತಡೆಯಿರಿ. ಮಗು ಕೊಸರಾಡಿದರೂ ಬಿಡದೆ ಎತ್ತಿ ಕೆನ್ನೆ ಹಿಂಡುವವರು ಯಾರು? ಮದುವೆಮನೆಯಲ್ಲಿ ಮುಖ ತಿರುಗಿಸಿಕೊಂಡವಳಿಗೆ ಅರಿಸಿನ ಮೆತ್ತಿ, ತಮಾಷೆಗೆ ಅನ್ನುವವರು ಯಾರು? ಹೆಂಡತಿ ಬೇಡ ಅಂದರೂ, ಕೈಹಿಡಿದ ಗಂಡನಲ್ಲವೇ ಎಂದು ಮೈಮೇಲೆ ಕೈ ಹಾಕುವವರು ಯಾರು? ಅಯ್ಯೋ, ನಾವೇ!

ಪ್ರೀತಿಯಿದೆ ಎಂದ ಮಾತ್ರಕ್ಕೆ ಒಪ್ಪಿಗೆ ಸಿಕ್ಕಂತಲ್ಲ. ಇವತ್ತು ಮನೆಗೆ ಹೋದ ಮೇಲೆ, ಕೈ ಚಾಚುವ ಮುಂಚೆ ಬಾಯಿ ಬಿಟ್ಟು ಕೇಳಿ. ಎಷ್ಟಕ್ಕೆ ಹೂಂ ಅಂದರೋ ಅಷ್ಟಕ್ಕೇ ನಿಲ್ಲಿಸಿ. ಬೇಡ ಅಂದರೆ ಕೈ ಹಿಂದಕ್ಕೆ ತೆಗೆಯಿರಿ. ಅದೇ ಕೈಯನ್ನು ದೇವರ ಮುಂದೆಯೂ ಮುಗಿಯಬೇಕಲ್ಲ?